ತಾಲೀಮಿನಿಂದ ಕರಾಟೆ ಶಾಲೆಯವರೆಗೆ

ಕಾದಾಟದ ವಿದ್ಯೆ ಕಲಿಯಹೊರಟವರು ತಮಗೆ ಬೇಕಾದ ಶಾಲೆಯನ್ನು ಆರಿಸಿಕೊಳ್ಳುವುದು ಕನ್ನಡ ನಾಡಿನಲ್ಲಿ ಈಚಿನ ರೂಢಿ. ಮೊದಲು ಆರಿಸುವ ಅಧಿಕಾರವಿದ್ದದ್ದು ಕಲಿಸುವವರಿಗೆ, ಅವರಿಗೆ ಅನ್ನ ಹಾಕುತ್ತಿದ್ದ ದೊರೆಗೆ.

ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದದ ಅಧ್ಯಾಯವಿದೆ. ವಯಸ್ಸು, ಮೈಕಟ್ಟು, ಬಲ ನೋಡಿ ಮಲ್ಲರನ್ನು ವರ್ಗಗಳಾಗಿ ವಿಂಗಡಿಸುವ ಕ್ರಮ ಅದರಲ್ಲಿ ಬರುತ್ತದೆ. ಅವರಿಗೆ ಬೇಳೆ, ಮಾಂಸ, ಹಾಲು, ಸಕ್ಕರೆ ಒದಗಿಸುವ ಹೊಣೆ ಅರಸನದು. ಮುಂದೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ಕೃಷ್ಣದೇವರಾಯ ಮೈಗೆ ಎಳ್ಳೆಣ್ಣೆ ತಿಕ್ಕಿಸಿಕೊಂಡು ಸಾಮು ಮಾಡಿ, ತನ್ನ ಜಟ್ಟಿಯೊಬ್ಬನೊಡನೆ ಕುಸ್ತಿ ಹಿಡಿಯುತ್ತಿದ್ದುದನ್ನು ಬರೆದಿದ್ದಾನೆ.

1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ರಾಯಚೂರು ಸೀಮೆಯಲ್ಲಿ ಗರಡಿಯನ್ನು ತಾಲೀಮು ಎನ್ನುವುದುಂಟು. ಹುಡುಗ ತನ್ನ ಓಣಿಯ ತಾಲೀಮಿಗೇ ಹೋಗುತ್ತಿದ್ದ. ಬೇರೆ ಓಣಿಯದು ಎದುರಾಳಿಗಳದು. ಆಂಜನೇಯನಿಗೆ ಕೈಮುಗಿದು, ಉಸ್ತಾದರ ಕಾಲು ಮುಟ್ಟಿ ಕೆಮ್ಮಣ್ಣಿಗೆ ಇಳಿಯಬೇಕು. ಮೊದಲು ಮಣ್ಣು ಅಗೆಯುವುದು, ದಂಡ, ಬಸ್ಕಿ. ಪಟ್ಟುಗಳ ಪಾಠ ಆಮೇಲೆ. ಹುಡುಗ ಅಷ್ಟರಲ್ಲಿ ಬೇಸತ್ತು ಬಿಟ್ಟರೆ ಉಸ್ತಾದರಿಗೆ ನಷ್ಟವೇನಿಲ್ಲ. ಹೆಣ್ಣುಮಕ್ಕಳಿಗಂತೂ ಆ ಬಾಗಿಲು ಸಾಮಾನ್ಯವಾಗಿ ತೆರೆಯುತ್ತಿರಲಿಲ್ಲ.

ಕರಾಟೆ ಬಂದ ದಾರಿ ಬೇರೆ. ಒಕಿನಾವಾದ ಈ ವಿದ್ಯೆಯನ್ನು ಗಿಚಿನ್ ಫುನಾಕೋಶಿ 1922ರಲ್ಲಿ ಟೋಕಿಯೊದಲ್ಲಿ ಪ್ರದರ್ಶಿಸಿದರು. ಜೂಡೋದಿಂದ ಬಿಳಿ ಉಡುಪು, ದರ್ಜೆಯ ಬೆಲ್ಟು ಎರವಲು ಬಂದವು. ಪಾಠಕ್ರಮ ನಿಗದಿಯಾಗಿದ್ದರಿಂದ ಯಾವ ಊರಿನಲ್ಲೂ ಶಾಖೆ ತೆರೆಯಬಹುದಾಯಿತು. 1973ರ ‘ಎಂಟರ್ ದಿ ಡ್ರ್ಯಾಗನ್’ ಚಿತ್ರದ ನಂತರ ಭಾರತದ ಹುಡುಗರಿಗೂ ಇದರ ಹುಚ್ಚು ಹಿಡಿಯಿತು. ಬ್ರೂಸ್ ಲೀ ಕರಾಟೆಯವನಲ್ಲ ಎಂಬುದು ಯಾರಿಗೂ ಅಡ್ಡಿಯಾಗಲಿಲ್ಲ. ತಿಂಗಳ ಶುಲ್ಕ ಕೊಡುವವರು ಓಣಿಯ ಕಟ್ಟು ಮೀರಿ ಶಾಲೆ ಹುಡುಕತೊಡಗಿದರು. ಹುಡುಗಿಯರೂ ಸಾಲಿನಲ್ಲಿ ನಿಂತರು. ಕರಾಟೆ ತಂದ ಬದಲಾವಣೆಗಳಲ್ಲಿ ದೊಡ್ಡದು ಇದೇ.

ಶೋಟೊಕಾನ್, ಗೋಜು-ರ್ಯು, ಶಿಟೊ-ರ್ಯು, ವಾಡೊ-ರ್ಯು ಎಂಬ ನಾಲ್ಕು ಪ್ರಮುಖ ಶೈಲಿಗಳಲ್ಲಿ ಯಾವುದೆಂಬುದು ಹೊಸಬರಿಗೆ ಅಷ್ಟು ಮುಖ್ಯವಲ್ಲ. ತಾಲೀಮಿನ ಹುಡುಗನ ಯೋಗ್ಯತೆ ಜಾತ್ರೆಯ ಕುಸ್ತಿಯಲ್ಲಿ ಊರೆದುರೇ ಗೊತ್ತಾಗುತ್ತಿತ್ತು. ಬೆಲ್ಟಿನ ಪರೀಕ್ಷೆ ಬಹುಮಟ್ಟಿಗೆ ಶಾಲೆಯೊಳಗೇ ಮುಗಿಯುತ್ತದೆ, ಪ್ರತಿ ಪರೀಕ್ಷೆಗೂ ಶುಲ್ಕವಿರುವುದುಂಟು. ಆದ್ದರಿಂದ ಸೇರುವವರು ಒಂದೆರಡು ತರಗತಿಗಳನ್ನು ಕುಳಿತು ನೋಡುವುದು, ಬೆಲ್ಟು ಎಷ್ಟು ತಿಂಗಳಿಗೊಮ್ಮೆ ಬದಲಾಗುತ್ತದೆ, ಹೆಸರು ಹಾಕಿಕೊಂಡ ಶಿಕ್ಷಕರೇ ಕಲಿಸುತ್ತಾರೆಯೇ ಎಂದು ವಿಚಾರಿಸುವುದು ರೂಢಿಗೆ ಬಂದಿದೆ.