ಕರುಳಿನ ಕ್ಯಾನ್ಸರ್ ಮರುಕಳಿಕೆಯ ಜೈವಿಕ ಸೂಚಕಗಳು

ದೊಡ್ಡಕರುಳಿನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ, ಕೀಮೋಥೆರಪಿ ಮುಗಿದ ಮೇಲೆ ರೋಗ ಮತ್ತೆ ತಲೆಯೆತ್ತುವ ಸಾಧ್ಯತೆಯನ್ನು ತಿಳಿಸುವ, ರಕ್ತದಲ್ಲೋ ಗಡ್ಡೆಯ ಅಂಗಾಂಶದಲ್ಲೋ ಸಿಗುವ ಗುರುತುಗಳು. ಮರುಕಳಿಕೆಗಳಲ್ಲಿ ಹೆಚ್ಚಿನವು ಮೊದಲ ಮೂರು ವರ್ಷಗಳಲ್ಲೇ ಕಾಣಿಸುತ್ತವೆ.

ಇವುಗಳಲ್ಲಿ ಹಳೆಯದೂ ಅಗ್ಗವೂ ಆದದ್ದು ಸಿಇಎ ಎಂಬ ಪ್ರೋಟೀನು. ಕೆನಡಾದ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ 1965ರಲ್ಲಿ ಇದನ್ನು ವರದಿ ಮಾಡಿದರು. ಮಿಲಿಲೀಟರಿಗೆ 5 ನ್ಯಾನೊಗ್ರಾಂ ಒಳಗಿದ್ದರೆ ಸಾಮಾನ್ಯ. ಮೊದಲ ಎರಡು ವರ್ಷ 3ರಿಂದ 6 ತಿಂಗಳಿಗೊಮ್ಮೆ, ಆಮೇಲೆ ಐದನೇ ವರ್ಷದವರೆಗೆ ಆರು ತಿಂಗಳಿಗೊಮ್ಮೆ ಅಳೆಯುವುದು ರೂಢಿ. ಬೀಡಿ ಸೇದುವವರಲ್ಲಿ, ಯಕೃತ್ತಿನ ಕಾಯಿಲೆಯವರಲ್ಲಿ, ಕೀಮೋ ನಡೆಯುತ್ತಿರುವಾಗಲೂ ಇದು ಏರಬಹುದು. ಆದ್ದರಿಂದ ಒಂದೇ ವರದಿ ನೋಡಿ ಗಾಬರಿಯಾಗಬೇಕಿಲ್ಲ, ಮರುಪರೀಕ್ಷೆ, ಸಿ.ಟಿ. ಸ್ಕ್ಯಾನ್ ಬೇಕು.

ಗಡ್ಡೆಯ ಅಂಗಾಂಶವೂ ಸುಳಿವು ಕೊಡುತ್ತದೆ: ಅದರ ಕೋಶಗಳಲ್ಲಿ ಡಿಎನ್‌ಎ ದುರಸ್ತಿ ವ್ಯವಸ್ಥೆ ಕೆಟ್ಟಿದ್ದರೆ, ವಿಚಿತ್ರವೆನಿಸಿದರೂ, ಕ್ಯಾನ್ಸರ್‌ನ ಎರಡನೇ ಹಂತದ ರೋಗಿಗಳಲ್ಲಿ ಮರುಕಳಿಕೆ ಕಡಿಮೆ.

ರಕ್ತದಲ್ಲಿ ತೇಲುವ ಗಡ್ಡೆಯ ಡಿಎನ್‌ಎ ಚೂರುಗಳು ಇತ್ತೀಚಿನ, ಅತ್ಯಂತ ಸೂಕ್ಷ್ಮ ಸೂಚಕ. 2022ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ‘ಡೈನಾಮಿಕ್’ ಅಧ್ಯಯನದಲ್ಲಿ, ಈ ಪರೀಕ್ಷೆಯ ಆಧಾರದಿಂದ ಕೀಮೋ ಪಡೆದವರ ಪ್ರಮಾಣ ಶೇ. 28ರಿಂದ 15ಕ್ಕೆ ಇಳಿಯಿತು, ಮರುಕಳಿಕೆ ಹೆಚ್ಚಲಿಲ್ಲ. ಪರೀಕ್ಷೆ ಇನ್ನೂ ದುಬಾರಿ.

ವಿಜಯನಗರ ಜಿಲ್ಲೆಯ ಹೊಸಪೇಟೆ, ಹಂಪಿ, ಬಳ್ಳಾರಿ ಜಿಲ್ಲೆಯ ಸಂಡೂರು, ಕಂಪ್ಲಿಗಳಿಂದ ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಯಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಮುನ್ನೂರು ಕಿಲೋಮೀಟರಿನಷ್ಟು ದೂರ. ಹೀಗಾಗಿ ಊರಲ್ಲೇ ರಕ್ತ ಕೊಟ್ಟು ಪಡೆಯಬಹುದಾದ ಸಿಇಎ ಪರೀಕ್ಷೆಗೆ ಇಲ್ಲಿ ಮಹತ್ವ ಹೆಚ್ಚು. ಪ್ರತಿ ಬಾರಿಯೂ ಒಂದೇ ಪ್ರಯೋಗಾಲಯದಲ್ಲಿ ಮಾಡಿಸಿ, ಹಳೆಯ ವರದಿಗಳನ್ನೂ ಬಯಾಪ್ಸಿ ಕಾಗದಗಳನ್ನೂ ಜೋಪಾನವಾಗಿಡಬೇಕು.