ನಾಣ್ಯದ ಕಾಳಗ ಮನೆಗೆ ಬಂದ ಕಥೆ

ಆಟಗಳ ಚರಿತ್ರೆಯನ್ನು ಬರೆದಿಡುವ ಅಭ್ಯಾಸ ನಮ್ಮಲ್ಲಿ ಕಡಮೆ. ಅರಸರ ಯುದ್ಧಗಳಿಗೆ ಶಾಸನಗಳಿವೆ. ತುರುಗಾಳಗದಲ್ಲಿ ಮಡಿದವರಿಗೆ ವೀರಗಲ್ಲುಗಳಿವೆ. ಆದರೆ ಸಂಜೆಯ ಹೊತ್ತು ಜನ ಸೇರಿ ನೋಡಿ ನಲಿದ ಕಾಳಗಗಳ ಲೆಕ್ಕವನ್ನು ಇಟ್ಟವರು ವಿರಳ. ಈ ಮಾತಿಗೆ ದೊಡ್ಡ ಅಪವಾದವೊಂದು ನಮ್ಮ ಸೀಮೆಯಲ್ಲಿಯೇ ಇದೆ. ಆಳಂದಕ್ಕೆ ಬಹು ದೂರವಲ್ಲದ ಕಲ್ಯಾಣದಲ್ಲಿ 1126ರಿಂದ 1138ರವರೆಗೆ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ, ತನ್ನ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಿಗೆ ತಕ್ಕಂತೆ ವಿಂಗಡಿಸಿ, ಅವರ ಸಾಧನೆ ಹೇಗಿರಬೇಕು, ಊಟವೇನಿರಬೇಕು ಎಂಬುದನ್ನೆಲ್ಲ ಹೇಳಿದ. ಅರಸನೊಬ್ಬನಿಗೆ ಅದು ಬರೆಯತಕ್ಕ ವಿಷಯವೆಂದು ತೋರಿದ್ದರಿಂದ, ಒಂಬತ್ತು ನೂರು ವರ್ಷಗಳ ಮೇಲೂ ಆ ಕಣದ ಮಣ್ಣು ನಮಗೆ ಅಷ್ಟಿಷ್ಟು ಕಾಣುತ್ತದೆ.

ನಮ್ಮ ಕಣ್ಣೆದುರೇ ಬಂದು, ನಮ್ಮ ಕಣ್ಣೆದುರೇ ಮರೆಯಾದ ಇನ್ನೊಂದು ಬಗೆಯ ಕಾಳಗವಿನೋದವಿದೆ. ಅದಕ್ಕೆ ಮಣ್ಣಿನ ಕಣವಿರಲಿಲ್ಲ. ಆಳೆತ್ತರದ ಮರದ ಪೆಟ್ಟಿಗೆಯೊಂದು, ಅದರೊಳಗೊಂದು ಗಾಜಿನ ತೆರೆ, ಕೆಳಗೆ ನಾಣ್ಯ ಹಾಕುವ ಕಿಂಡಿ. ವಿಡಿಯೊ ಗೇಮ್ ಎಂದು ನಾವು ಕರೆದ ಆ ಪೆಟ್ಟಿಗೆಯ ಕಾಳಗಗಳಲ್ಲಿ ಹೆಸರಾದದ್ದು ‘ಸ್ಟ್ರೀಟ್ ಫೈಟರ್’ ಎಂಬ ಮಾಲೆ. ಆ ಮಾಲೆಯ ಹಳೆಯ ಆಟಗಳು ಈಗ ಒಂದೇ ಸಂಪುಟವಾಗಿ ಮನೆಯ ಟಿ.ವಿ.ಗೆ ಜೋಡಿಸುವ ಯಂತ್ರಗಳಲ್ಲಿ ದೊರೆಯುತ್ತಿವೆ. ಹಳೆಯ ಕಾವ್ಯವೊಂದರ ಹೊಸ ಮುದ್ರಣ ಬಂದಾಗ ಮೂಲದಲ್ಲಿ ಉಳಿದದ್ದೇನು, ಬಿಟ್ಟುಹೋದದ್ದೇನು ಎಂದು ನೋಡುವುದು ನಮ್ಮ ವೃತ್ತಿಯವರ ವಾಡಿಕೆ. ಈ ಸಂಪುಟವನ್ನೂ ಹಾಗೆಯೇ ನೋಡಬಹುದೆಂದು ನನಗೆ ತೋರಿತು.

ಮೊದಲು ಆಟದ ಹುಟ್ಟು. ಜಪಾನಿನ ಒಸಾಕಾ ನಗರದ ಕ್ಯಾಪ್‌ಕಾಮ್ ಕಂಪನಿ 1987ರಲ್ಲಿ ಮೊದಲನೆಯ ‘ಸ್ಟ್ರೀಟ್ ಫೈಟರ್’ ಅನ್ನು ಹೊರತಂದಿತು. ಅದನ್ನು ರೂಪಿಸಿದವರು ತಕಾಶಿ ನಿಶಿಯಾಮ ಮತ್ತು ಹಿರೋಶಿ ಮತ್ಸುಮೊತೊ. ಅದರ ಮೊದಲ ಪೆಟ್ಟಿಗೆಗೆ ಎರಡು ದಪ್ಪ ಮೆತ್ತೆಗಳಿದ್ದವು. ಆಟಗಾರ ಎಷ್ಟು ಜೋರಾಗಿ ಗುದ್ದುತ್ತಾನೋ ತೆರೆಯ ಮೇಲಿನ ಏಟೂ ಅಷ್ಟು ಜೋರು. ಕೈ ನೋಯಿಸುವ ಈ ಏರ್ಪಾಡು ಬಾಳಲಿಲ್ಲ. ಅದರ ಬದಲು ಆರು ಗುಂಡಿಗಳು ಬಂದವು: ಮೂರು ಮುಷ್ಟಿಗೆ, ಮೂರು ಒದೆತಕ್ಕೆ, ಪ್ರತಿಯೊಂದರಲ್ಲಿಯೂ ಹಗುರ, ನಡುತರ, ಭಾರ. ನಿಜವಾದ ಕೀರ್ತಿ ಬಂದದ್ದು 1991ರಲ್ಲಿ ಅಕಿರಾ ನಿಶಿತಾನಿ, ಅಕಿರಾ ಯಸುದಾ ಮೊದಲಾದವರು ರೂಪಿಸಿದ ಎರಡನೆಯ ಆಟಕ್ಕೆ. ಅಲ್ಲಿ ಎಂಟು ಮಂದಿ ಜಟ್ಟಿಗಳು. ಆಟಗಾರ ತನಗೆ ಬೇಕಾದವರನ್ನು ಆರಿಸಿಕೊಳ್ಳಬಹುದು. ಪಕ್ಕದಲ್ಲಿ ನಿಂತ ಇನ್ನೊಬ್ಬ ನಾಣ್ಯ ಹಾಕಿ ಎದುರಾಳಿಯಾಗಬಹುದು.

ಕುಸ್ತಿಯಲ್ಲಿ ಪಟ್ಟುಗಳಿದ್ದ ಹಾಗೆ ಇಲ್ಲಿಯೂ ಪಟ್ಟುಗಳಿವೆ, ಮತ್ತು ಅವು ಗುಟ್ಟಿನವು. ಹಿಡಿಕೆಯನ್ನು ಕೆಳಕ್ಕೆ, ಅಲ್ಲಿಂದ ಓರೆಯಾಗಿ ಮುಂದಕ್ಕೆ, ಆಮೇಲೆ ನೇರ ಮುಂದಕ್ಕೆ ತಿರುವಿ ಮುಷ್ಟಿಯ ಗುಂಡಿ ಒತ್ತಿದರೆ ರ್ಯು ಎಂಬ ಜಟ್ಟಿಯ ಅಂಗೈಗಳಿಂದ ನೀಲಿಯ ಬೆಂಕಿಯುಂಡೆಯೊಂದು ಹೊರಡುತ್ತದೆ. ತೆರೆಯ ಚಿತ್ರ ಸೆಕೆಂಡಿಗೆ ಸುಮಾರು 60 ಸಲ ಬದಲಾಗುತ್ತದೆ. ಪ್ರತಿಯೊಂದು ಏಟಿಗೂ ಮೂರು ಘಟ್ಟ: ಎತ್ತುವುದು, ತಗಲುವುದು, ಹಿಂದೆಗೆಯುವುದು. ಭಾರದ ಏಟು ಹೆಚ್ಚು ನೋಯಿಸುತ್ತದೆ, ಆದರೆ ಹಿಂದೆಗೆಯಲು ತಡ; ಆ ತಡದಲ್ಲಿಯೇ ಎದುರಾಳಿಗೆ ಬಾಗಿಲು ತೆರೆಯುತ್ತದೆ. ಬಲಕ್ಕಿಂತ ಹೊತ್ತನ್ನು ಅರಿಯುವುದು ಮೇಲು ಎಂಬ ಗರಡಿಮನೆಯ ಪಾಠವೇ ಇದು.

ಒಂದು ಏಟಿನ ಹಿಂದೆಯೇ, ಎದುರಾಳಿ ಚೇತರಿಸಿಕೊಳ್ಳುವ ಮೊದಲು, ಇನ್ನೊಂದನ್ನು ಕೂಡಿಸುವ ವಿದ್ಯೆ ಈ ಆಟದ ದೊಡ್ಡ ಕಾಣಿಕೆ. ಅದನ್ನು ಯಾರೂ ಯೋಚಿಸಿ ಮಾಡಿದ್ದಲ್ಲ. ನೊರಿತಕಾ ಫುನಮಿಜು ಎಂಬವರು ಆಟವನ್ನು ಪರೀಕ್ಷಿಸುತ್ತಿದ್ದಾಗ, ಕಾರನ್ನು ಒಡೆಯುವ ಘಟ್ಟದಲ್ಲಿ, ಏಟಿಗೆ ಏಟು ಹೀಗೆ ಕೂಡಿಕೊಳ್ಳುವುದು ಅವರ ಕಣ್ಣಿಗೆ ಬಿತ್ತು. ತಿದ್ದಿ ತೆಗೆಯಬಹುದಾಗಿದ್ದ ಆ ಲೋಪವನ್ನು ಇರಲಿ ಎಂದು ಬಿಟ್ಟರು. ಆಡುವವರು ಅದನ್ನು ಹುಡುಕಿ ತೆಗೆದು ಶಾಸ್ತ್ರವನ್ನಾಗಿ ಬೆಳೆಸಿದರು. ಪಾಠದೋಷವೇ ಸಂಪ್ರದಾಯವಾದ ಉದಾಹರಣೆಗಳು ನಮ್ಮ ಹಸ್ತಪ್ರತಿಗಳಲ್ಲಿಯೂ ಇವೆ, ಅಲ್ಲವೆ?

ಆಟದ ನಿಯಮಗಳು ಪೆಟ್ಟಿಗೆಯ ಒಳಗಿದ್ದವು. ಅದರ ಧರ್ಮ ಪೆಟ್ಟಿಗೆಯ ಹೊರಗಿತ್ತು. ಸೋತವನು ಸರಿಯಬೇಕು, ಗೆದ್ದವನು ನಿಲ್ಲಬೇಕು, ಮುಂದಿನವನು ತನ್ನ ನಾಣ್ಯದೊಡನೆ ಬರಬೇಕು. ಇದನ್ನು ಯಾವ ಕಂಪನಿಯೂ ಅಚ್ಚು ಹಾಕಿಸಿ ಅಂಟಿಸಲಿಲ್ಲ. ಪೆಟ್ಟಿಗೆ ಹೋದಲ್ಲೆಲ್ಲ ಜನ ತಾವೇ ಹಾಕಿಕೊಂಡ ಕಟ್ಟು. ನಮ್ಮ ಜಾತ್ರೆಯ ಕುಸ್ತಿ ಕಂಡವರಿಗೆ ಇದು ಹೊಸದಲ್ಲ. ಹಿಂದೆ ನಿಂತ ಗುಂಪು ಸುಮ್ಮನೆ ನೋಡುವ ಗುಂಪಲ್ಲ, ಕಲಿಯುವ ಗುಂಪು. ಪುಸ್ತಕವಿಲ್ಲ, ಗುರುವಿಲ್ಲ, ಒಬ್ಬನ ಮಣಿಕಟ್ಟಿನ ತಿರುವನ್ನು ಇನ್ನೊಬ್ಬ ಭುಜದ ಮೇಲಿಂದ ಇಣುಕಿ ಕದಿಯಬೇಕು. ಕೃತಿಚೌರ್ಯಕ್ಕೆ ಇಷ್ಟು ಮರ್ಯಾದೆಯಿದ್ದ ವಿದ್ಯಾಪೀಠ ಬೇರೊಂದಿರಲಾರದು.

ಇನ್ನು ನಮ್ಮ ನಾಡಿನ ಮಾತು. 1990ರ ದಶಕದಲ್ಲಿ ಕರ್ನಾಟಕದ ನಗರಗಳಲ್ಲಿ ವಿಡಿಯೊ ಗೇಮ್ ಪಾರ್ಲರುಗಳು ಓಣಿ ಓಣಿಗೆ ತಲೆಯೆತ್ತಿದವು. ಭೀಮೆಯ ದಂಡೆಯ ಸೊನ್ನದಂಥ ಊರಿನ ಹುಡುಗ ಅದನ್ನು ಕಾಣಬೇಕಾದರೆ ಬಸ್ಸು ಹತ್ತಿ ಪಟ್ಟಣಕ್ಕೆ ಹೋಗಬೇಕಾಗಿತ್ತು. ಹೋಗಿ ಬಂದವನು ವಾರಗಟ್ಟಲೆ ಅದರ ಕಥೆ ಹೇಳುತ್ತಿದ್ದ. ಹುಡುಗರು ಆಟಗಳಿಗೆ ತಮ್ಮದೇ ಹೆಸರಿಟ್ಟರು. ಕ್ಯಾಪ್‌ಕಾಮ್ ಕಂಪನಿಯವರದೇ 1993ರ ‘ಕ್ಯಾಡಿಲಾಕ್ಸ್ ಅಂಡ್ ಡೈನೊಸಾರ್ಸ್’ ಎಂಬ ಹೊಡೆದಾಟದ ಆಟ, ಅದರೊಳಗಿನ ಮುಸ್ತಫಾ ಎಂಬ ಪಾತ್ರದ ಹೆಸರಿನಿಂದ, ಇಂಡಿಯಾ ದೇಶದುದ್ದಕ್ಕೂ ‘ಮುಸ್ತಫಾ’ ಎಂದೇ ಪ್ರಸಿದ್ಧವಾಯಿತು. ಜಟ್ಟಿಗಳು ಪಟ್ಟು ಹಾಕುವಾಗ ಕೂಗುವ ಜಪಾನೀ ಮಾತುಗಳನ್ನು ಹುಡುಗರು ಕಿವಿಗೆ ಬಿದ್ದಂತೆ ತಾವೂ ಕೂಗಿದರು. ಪದಗಳು ಗಡಿ ದಾಟುವ ಬಗೆಯನ್ನು ತರಗತಿಯಲ್ಲಿ ವಿವರಿಸುವಾಗ ಇದಕ್ಕಿಂತ ಒಳ್ಳೆಯ ದೃಷ್ಟಾಂತ ನನಗೆ ಸಿಕ್ಕಿಲ್ಲ.

ಹಿರಿಯರ ಕಣ್ಣಿನಲ್ಲಿ ಮಾತ್ರ ಅದು ಪೋಲಿಗಳ ಠಾವು. ಸರಕಾರಕ್ಕೂ ಸಂಶಯವಿತ್ತು. ಸಾರ್ವಜನಿಕ ವಿನೋದಸ್ಥಳಗಳಿಗೆ ಲೈಸೆನ್ಸು ವಿಧಿಸುವ ಆಜ್ಞೆಯೊಂದು ಬೆಂಗಳೂರು ನಗರಕ್ಕೆ 1989ರಲ್ಲಿ ಹೊರಟಿತು. ವಿಡಿಯೊ ಗೇಮ್ ನಡೆಸುವವರಿಗೂ ಅದು ಅನ್ವಯಿಸುವುದೇ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಅನ್ವಯಿಸುವುದೆಂದು 1995ರ ಏಪ್ರಿಲಿನಲ್ಲಿ ತೀರ್ಪಾಯಿತು. ಆಟದ ಫಲ ಕೌಶಲದಿಂದಲೋ ಅದೃಷ್ಟದಿಂದಲೋ, ಅದೃಷ್ಟ ಬೆರೆತಲ್ಲಿ ಅದು ಜೂಜಾಗುವುದೋ ಎಂಬುದೇ ಅಲ್ಲಿನ ಮುಖ್ಯ ವಿಚಾರ. ಹಣ ಗೆಲ್ಲಿಸುವ ಆಸೆ ತೋರಿಸುವ ಯಂತ್ರಗಳಿಗೆ ಅಂಕೆ ಬೇಕೆಂಬುದನ್ನು ಅಲ್ಲಗಳೆಯಲಾಗದು. ಆದರೆ ಬರಿಯ ಕೈಚಳಕದ ಕಾಳಗವೂ ಅದೇ ಬಗೆಯ ಮಾಡಿನ ಕೆಳಗಿದ್ದುದರಿಂದ ಅದೇ ಅಪಕೀರ್ತಿಯನ್ನು ಹೊತ್ತಿತು. ಚರಿತ್ರೆಯ ದೃಷ್ಟಿಯಿಂದ ಗಮನಿಸಬೇಕಾದದ್ದು ಇನ್ನೊಂದಿದೆ: ನಮ್ಮ ಪಾರ್ಲರುಗಳ ವಿಷಯದಲ್ಲಿ ಇಂದು ಖಚಿತವಾಗಿ ಕೈಗೆ ಸಿಗುವ ಬರಹವೆಂದರೆ ಬಹುಮಟ್ಟಿಗೆ ಪೊಲೀಸು ಆಜ್ಞೆ, ಕೋರ್ಟಿನ ತೀರ್ಪು. ಆಡಿದವರ ಮಾತು ಅಲ್ಲಿಲ್ಲ.

ಈ ನಡುವೆ ಕಾಳಗ ಮನೆಗೆ ನಡೆದಿತ್ತು. 1992ರ ಜೂನಿನಲ್ಲಿ ನಿಂಟೆಂಡೊ ಕಂಪನಿಯ ಸೂಪರ್ ಫ್ಯಾಮಿಕಾಮ್ ಎಂಬ ಮನೆಯ ಯಂತ್ರಕ್ಕೆ ಎರಡನೆಯ ‘ಸ್ಟ್ರೀಟ್ ಫೈಟರ್’ ಬಂದಿತು. ಎರಡು ಮೆಗಾಬೈಟಿನ ಸಣ್ಣ ಕ್ಯಾಸೆಟ್ಟಿನಲ್ಲಿ ಹಿಡಿಸಬೇಕಾದ್ದರಿಂದ ಚಿತ್ರಗಳು ಕುಗ್ಗಿದವು, ದನಿಗಳು ಕೆಲವು ಬಿಟ್ಟುಹೋದವು. ಆದರೂ 63 ಲಕ್ಷ ಪ್ರತಿಗಳು ಮಾರಾಟವಾದವು. ನಮ್ಮ ಮಧ್ಯಮವರ್ಗದ ಮನೆಗಳಿಗೆ ಬಂದದ್ದು ಅದೂ ಅಲ್ಲ. ನಿಂಟೆಂಡೊದವರ ಇನ್ನೂ ಹಳೆಯ, 1983ರ ಯಂತ್ರದ ಅಗ್ಗದ ನಕಲುಗಳು. ಪಟ್ಟು ಹಾಕಲು ಆರು ಗುಂಡಿಗಳ ಜಾಗದಲ್ಲಿ ಎರಡು ಗುಂಡಿ, ಕಳ್ಳ ಕ್ಯಾಸೆಟ್ಟು, ಹೆಸರು ಮಾತ್ರ ‘ಸ್ಟ್ರೀಟ್ ಫೈಟರ್’. ಊರ ದೇವರ ತೇರನ್ನು ಮನೆಯಲ್ಲಿ ರಟ್ಟಿನಿಂದ ಮಾಡಿ ಎಳೆದ ಹಾಗೆ. ಆದರೂ ಎಳೆದ ಸಂತೋಷ ಸುಳ್ಳಲ್ಲ.

ಮೂಲದ ಪೆಟ್ಟಿಗೆಗಳ ಗತಿಯೇನಾಯಿತು? ಅದೊಂದು ವಿಚಿತ್ರ ಕಥೆ. 1993ರಿಂದ ಕ್ಯಾಪ್‌ಕಾಮ್ ತನ್ನ ಹೊಸ ಆಟಗಳನ್ನು ಕಳ್ಳಪ್ರತಿಗಳಿಂದ ಕಾಪಾಡಲೆಂದು ಗೂಢಲಿಪಿಯಲ್ಲಿ ಬರೆದು, ಅದನ್ನು ಬಿಡಿಸುವ ಕೀಲಿಯನ್ನು ಯಂತ್ರದೊಳಗಿನ ಒಂದು ಬ್ಯಾಟರಿಯ ಬಲದ ಮೇಲೆ ನಿಲ್ಲಿಸಿತು. ಬ್ಯಾಟರಿ ಸತ್ತ ದಿನ ಕೀಲಿ ಅಳಿಸಿಹೋಗುತ್ತದೆ, ಆಟವೂ ಸಾಯುತ್ತದೆ. ತಾಳೆಗರಿಯನ್ನು ಗೆದ್ದಲು ತಿನ್ನುವುದುಂಟು. ಗೆದ್ದಲನ್ನು ತಾನೇ ಒಳಗಿಟ್ಟು ಕಟ್ಟಿದ ಗ್ರಂಥ ಇದೊಂದೇ ಇರಬೇಕು. 2001ರ ಸುಮಾರಿಗೆ ಹವ್ಯಾಸಿಗಳ ಗುಂಪೊಂದು ಆ ಗೂಢಲಿಪಿಯನ್ನು ಭೇದಿಸಿತು. ಕಂಪನಿಯ ಅನುಮತಿಯಿಲ್ಲದೆ ಇವರು ಮಾಡಿದ ಕೆಲಸದಿಂದ, ಅಳಿದುಹೋಗಬಹುದಾಗಿದ್ದ ಪಾಠಗಳು ಉಳಿದವು.

2018ರಲ್ಲಿ ಕಂಪನಿಯೇ ಮಾಲೆಯ ಮೂವತ್ತು ವರ್ಷದ ನೆನಪಿಗೆ ಹನ್ನೆರಡು ಆಟಗಳ ಸಂಪುಟವನ್ನು ಹೊರತಂದಿತು. ಇಲ್ಲಿರುವುದು ಕುಗ್ಗಿಸಿದ ಮನೆಯ ಪಾಠವಲ್ಲ. ಅಂಗಡಿಯ ಪೆಟ್ಟಿಗೆಯ ಮೂಲಪಾಠ. ಜಟ್ಟಿಗಳ ಕರಡು ಚಿತ್ರಗಳೂ ಇವೆ, ಕಾಲಾನುಕ್ರಮಣಿಕೆಯೂ ಇದೆ. ಬೇಕಾದಲ್ಲಿ ನಿಲ್ಲಿಸಿ, ನಾಳೆ ಅಲ್ಲಿಂದಲೇ ಮುಂದುವರಿಸಬಹುದು. ನಾಣ್ಯದ ಹಂಗಿಲ್ಲ.

ಇಷ್ಟು ವರ್ಷಗಳ ಮೇಲೆ ಮತ್ತೆ ಆಡಿದಾಗ ಕಾಣುವುದೇ ಬೇರೆ. ಎಂಟು ಮಂದಿಯಲ್ಲಿ ಭಾರತದವನೊಬ್ಬನಿದ್ದಾನೆ: ಧಾಲ್ಸಿಮ್ ಎಂಬ ಯೋಗಿ. ಬೋಳುತಲೆ, ಕೊರಳಲ್ಲಿ ತಲೆಬುರುಡೆಗಳ ಸರ. ಕೈಕಾಲುಗಳು ರಬ್ಬರಿನಂತೆ ನೀಳವಾಗುತ್ತವೆ. ಬಾಯಿಂದ ಬೆಂಕಿ ಉಗುಳುತ್ತಾನೆ. ಅವನ ಕಣದ ಸುತ್ತ ಆನೆಗಳು ಸೊಂಡಿಲೆತ್ತುತ್ತವೆ. ನಮ್ಮ ಜೋಗಿಯೂ ಅಲ್ಲ, ಸಿದ್ಧನೂ ಅಲ್ಲ. ದೂರದವರು ಹಳೆಯ ಸಿನಿಮಾಗಳ ನೆನಪಿನಿಂದ ಬರೆದ ಭಾರತ. ಬಾಲ್ಯದಲ್ಲಿ ನಮ್ಮವನೊಬ್ಬನಿದ್ದಾನೆಂಬ ಹೆಮ್ಮೆಯೊಂದೇ. ಈಗ ಆ ಚಿತ್ರದ ಪೊಳ್ಳೂ ಕಾಣುತ್ತದೆ. ಆದರೂ ಅವನು ಕಾದುವುದು ತನ್ನ ಹಳ್ಳಿಯ ಬಡವರಿಗಾಗಿ ಹಣ ಕೂಡಿಸಲು ಎಂದು ಕಥೆ ಹೇಳುತ್ತದೆ. ಆ ಒಂದು ಎಳೆಯನ್ನು ಬರೆದವರಿಗೆ ನಮ್ಮ ಮೇಲೆ ತಿರಸ್ಕಾರವಿರಲಿಲ್ಲವೆನ್ನಬೇಕು.

ಎಂಟು ಮಂದಿಯಲ್ಲಿ ಹೆಂಗಸು ಒಬ್ಬಳೇ, ಚುನ್-ಲೀ. ತೆರೆಯ ಮೇಲೆ ಅವಳಿದ್ದಳು. ಆದರೆ ತೆರೆಯ ಮುಂದೆ, ನಮ್ಮ ಪಾರ್ಲರಿನಲ್ಲಿ, ಹುಡುಗಿಯರನ್ನು ಕಂಡ ನೆನಪು ನನಗಿಲ್ಲ. ಅಂಗಡಿಯ ಗುಂಪನ್ನು ಹೊಗಳುವಾಗ ಅದು ಯಾರನ್ನು ಹೊರಗಿಟ್ಟಿತೆಂಬುದನ್ನು ಮರೆಯಬಾರದು. ಮನೆಯ ಯಂತ್ರದ ದೊಡ್ಡ ಉಪಕಾರ ಇದೇ: ಅಣ್ಣನ ಪಕ್ಕದಲ್ಲಿ ತಂಗಿ ಕುಳಿತು ಗೆಲ್ಲುವುದಕ್ಕೆ ಜಾಗವಾಯಿತು.

ಕಳೆದುಕೊಂಡದ್ದೂ ಕಡಮೆಯಲ್ಲ. 2004ರಲ್ಲಿ ಕ್ಯಾಲಿಫೋರ್ನಿಯದ ಪಂದ್ಯವೊಂದರಲ್ಲಿ, ಜಪಾನಿನ ದೈಗೊ ಉಮೆಹರ ಒಂದೇ ಒಂದು ಏಟು ತಗಲಿದರೂ ಸೋಲುವ ಸ್ಥಿತಿಯಲ್ಲಿದ್ದು, ಅಮೆರಿಕದ ಜಸ್ಟಿನ್ ವಾಂಗ್ ಆಡಿಸುತ್ತಿದ್ದ ಚುನ್-ಲೀಯ 15 ಒದೆತಗಳನ್ನು ಒಂದೊಂದಾಗಿ ತಡೆದು ಆ ಸುತ್ತನ್ನು ಗೆದ್ದ. ಆ ಚಲನಚಿತ್ರವನ್ನು ಇಂದಿಗೂ ಜನ ನೋಡುತ್ತಾರೆ. ಕಣ್ಣು ಮುಚ್ಚಿ ಕೇಳಿದರೂ ಆಟ ತಿಳಿಯುತ್ತದೆ. ಪ್ರತಿ ತಡೆಗೂ ಗುಂಪಿನ ಕೂಗು ಒಂದು ಮೆಟ್ಟಿಲು ಏರುತ್ತದೆ. ಆ ಕೂಗು ಸಂಪುಟದಲ್ಲಿಲ್ಲ. ಇರಲು ಸಾಧ್ಯವೂ ಇಲ್ಲ. 1520ರ ಸುಮಾರಿಗೆ ವಿಜಯನಗರದ ಮಹಾನವಮಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಜಟ್ಟಿಗಳು ಹಲ್ಲುದುರುವಂತೆ ಹೊಡೆದಾಡಿದ್ದನ್ನೂ, ಬಿದ್ದವರನ್ನು ಗೆಳೆಯರು ಹೊತ್ತೊಯ್ದದ್ದನ್ನೂ ಬರೆದಿದ್ದಾನೆ. ಆ ಗೆಳೆಯರ ಮಾತು ಬಂದದ್ದರಿಂದಲೇ ಅದು ಬರಿಯ ಪಟ್ಟುಗಳ ಪಟ್ಟಿಯಾಗದೆ ಚರಿತ್ರೆಯಾಯಿತು.

ಇಂದು ಈ ಆಟಕ್ಕೆ ಮರ್ಯಾದೆ ಬಂದಿದೆ. 2023ರಲ್ಲಿ ಹಾಂಗ್‌ಝೌ ನಗರದ ಏಷ್ಯನ್ ಕ್ರೀಡಾಕೂಟದಲ್ಲಿ ಮಾಲೆಯ ಐದನೆಯ ಆಟ ಪದಕದ ಸ್ಪರ್ಧೆಯಾಗಿತ್ತು. ಭಾರತದ ಆಟಗಾರರೂ ಕಣಕ್ಕಿಳಿದಿದ್ದರು. ಪೋಲಿಗಳ ಠಾವೆನಿಸಿದ್ದು ದೇಶದ ಪರವಾಗಿ ಆಡುವ ಕ್ರೀಡೆಯಾಗಲು ಮೂವತ್ತು ವರ್ಷ ಸಾಕಾಯಿತು. ಆಟದ ಪಾಠವನ್ನು ಜಪಾನಿನವರು ಉಳಿಸಿಕೊಂಡರು. ನಮ್ಮ ಪಾಲಿನ ಚರಿತ್ರೆಯನ್ನು, ಅಂದರೆ ಯಾವ ಓಣಿಯಲ್ಲಿ ಪೆಟ್ಟಿಗೆಯಿತ್ತು, ಒಂದು ಆಟಕ್ಕೆ ಎಷ್ಟು ಕೊಡುತ್ತಿದ್ದರು, ಯಾರನ್ನು ಯಾರೂ ಸೋಲಿಸಲಾಗುತ್ತಿರಲಿಲ್ಲ, ಕರೆಂಟು ಹೋದಾಗ ಅರ್ಧಕ್ಕೆ ನಿಂತ ಆಟದ ನಾಣ್ಯವನ್ನು ಮಾಲೀಕ ಹಿಂದಕ್ಕೆ ಕೊಡುತ್ತಿದ್ದನೇ ಎಂಬುದನ್ನು, ಅವರು ಉಳಿಸಿಕೊಡಲಾರರು. ಆ ಅಂಗಡಿಗಳನ್ನು ನಡೆಸಿದವರಿಗೆ ಈಗ ವಯಸ್ಸಾಗಿದೆ. ಹಳೆಗನ್ನಡದ ಹಸ್ತಪ್ರತಿಗಾಗಿ ಊರೂರು ಅಲೆಯುವ ನಮ್ಮ ವಿದ್ಯಾರ್ಥಿಗಳಲ್ಲಿ ನಾಲ್ವರು ಈ ಕೆಲಸಕ್ಕೂ ಹೊರಟರೆ, ಒಂದು ಬೇಸಗೆಯ ರಜೆಯಲ್ಲಿ ಕಲಬುರಗಿ, ಅಫಜಲಪುರ, ಜೇವರ್ಗಿಗಳ ಮಟ್ಟಿಗಾದರೂ ಅದು ಮುಗಿದೀತು.