ಹೆಪ್ಪು ಕೆಟ್ಟಾಗ: ಹ್ಯಾನ್ಸೆನ್ ಮತ್ತು ಶುದ್ಧ ಯೀಸ್ಟ್

ಹಾಲು ಅದೇ, ಪಾತ್ರೆ ಅದೇ, ಹೆಪ್ಪೂ ನಿನ್ನೆಯ ಮೊಸರಿನದೇ. ಆದರೂ ಇಂದಿನ ಮೊಸರು ಲೋಳೆಯಾಗಿದೆ. ಇಂಥ ದೂರನ್ನು ನೀವು ಮನೆಯಲ್ಲಿ ಕೇಳಿರಬಹುದು. ಬಿಯರ್ ತಯಾರಕರನ್ನು ಇದೇ ತೊಂದರೆ ಶತಮಾನಗಳ ಕಾಲ ಕಾಡಿತ್ತು. ಮೊಸರಿನ ಹೆಪ್ಪಿನಲ್ಲಿ ಮುಖ್ಯವಾಗಿ ಕೆಲಸ ಮಾಡುವುದು ಬ್ಯಾಕ್ಟೀರಿಯ. ಬಿಯರಿನ ಹೆಪ್ಪು ಯೀಸ್ಟ್ ಎಂಬ ಏಕಕೋಶ ಶಿಲೀಂಧ್ರ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ ತೆಗೆದ ಸಿಹಿ ರಸಕ್ಕೆ ಯೀಸ್ಟನ್ನು ಬೆರೆಸಿದರೆ ಅದು ಸಕ್ಕರೆಯನ್ನು ಆಲ್ಕೊಹಾಲ್ ಮತ್ತು ಕಾರ್ಬನ್ ಡೈಆಕ್ಸೈಡ್ ಆಗಿ ಒಡೆಯುತ್ತದೆ. ಜೊತೆಗೆ ತಾನೂ ಹೆಚ್ಚುತ್ತದೆ. ತೊಟ್ಟಿಯ ತಳದಲ್ಲಿ ಕೂಡಿದ ಯೀಸ್ಟಿನ ಒಂದು ಪಾಲು ಮುಂದಿನ ತೊಟ್ಟಿಗೆ ಹೆಪ್ಪಾಗುತ್ತದೆ. ಹೀಗೆ ಹತ್ತಾರು ಸಲ ಸರಿಯಾಗಿ ನಡೆದ ಮೇಲೆ ಒಂದು ಸಲ ಬಿಯರ್ ಕಹಿಯಾಗಿ ನಾರತೊಡಗುತ್ತದೆ. ಏಕೆ?

ಈ ಪ್ರಶ್ನೆಗೆ ಖಚಿತ ಉತ್ತರ ದೊರೆತದ್ದು ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ. ಅಲ್ಲಿ ಜೆ. ಸಿ. ಯಾಕೊಬ್ಸೆನ್ 1847ರಲ್ಲಿ ಕಾರ್ಲ್ಸ್‌ಬರ್ಗ್ ಕಾರ್ಖಾನೆಯನ್ನು ಸ್ಥಾಪಿಸಿದ. ಅದಕ್ಕೂ ಎರಡು ವರ್ಷ ಮುಂಚೆ ಆತ ಜರ್ಮನಿಯ ಮ್ಯೂನಿಕ್ ನಗರದ ಸ್ಪಾಟೆನ್ ಕಾರ್ಖಾನೆಯಿಂದ ಯೀಸ್ಟ್ ತಂದಿದ್ದ. ಕುದುರೆಗಾಡಿಯ ಆ ದೀರ್ಘ ಪ್ರಯಾಣದಲ್ಲಿ ಗಾಡಿ ನಿಂತ ಕಡೆಯಲ್ಲೆಲ್ಲ ಯೀಸ್ಟಿನ ಡಬ್ಬಿಗಳ ಮೇಲೆ ತಣ್ಣೀರು ಸುರಿದು ಅದನ್ನು ಬದುಕಿಸಿಕೊಂಡನೆಂದು ಹೇಳುತ್ತಾರೆ. ಇಷ್ಟು ಜೋಪಾನ ಮಾಡಿದ ಹೆಪ್ಪೂ ಮುಂದೆ ಕೈಕೊಟ್ಟಿತು!

ಆ ವೇಳೆಗೆ ಫ್ರಾನ್ಸಿನ ಲೂಯಿ ಪಾಸ್ತರ್ ಹುದುಗುವಿಕೆ ಸೂಕ್ಷ್ಮಜೀವಿಗಳ ಕೆಲಸವೆಂದು ತೋರಿಸಿದ್ದ. 1876ರಲ್ಲಿ ಪ್ರಕಟವಾದ ತನ್ನ ಬಿಯರ್ ಕುರಿತ ಗ್ರಂಥದಲ್ಲಿ, ಬಿಯರಿನ ರೋಗಗಳಿಗೆ ಯೀಸ್ಟಿನ ನಡುವೆ ಸೇರಿಕೊಂಡ ಬೇರೆ ಜೀವಿಗಳು, ಅದರಲ್ಲೂ ಬ್ಯಾಕ್ಟೀರಿಯಗಳು, ಕಾರಣವೆಂದು ವಿವರಿಸಿದ. ಅಂದರೆ ಸೂಕ್ಷ್ಮದರ್ಶಕದಲ್ಲಿ ಬ್ಯಾಕ್ಟೀರಿಯ ಕಾಣದಿದ್ದರೆ ಹೆಪ್ಪು ಶುದ್ಧ. ಹಾಗೆಂದೇ ಎಲ್ಲರೂ ತಿಳಿದಿದ್ದರು.

ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸೆನ್ (1842-1909) ಇದನ್ನು ಒಪ್ಪಲಿಲ್ಲ. ಈತ ಬಡ ಕುಟುಂಬದವನು. ಮನೆಗಳಿಗೆ ಬಣ್ಣ ಬಳಿಯುವ ಕಸುಬಿನಲ್ಲಿ ದುಡಿದು ತಡವಾಗಿ ಓದಿದವನು. ಯಾಕೊಬ್ಸೆನ್ 1875ರಲ್ಲಿ ಆರಂಭಿಸಿದ್ದ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ 1879ರಿಂದ ಜೀವಕ್ರಿಯಾ ವಿಭಾಗದ ಮುಖ್ಯಸ್ಥ. (ಸಾರಜನಕವನ್ನು ಅಳೆಯುವ ವಿಧಾನದ ಕೆಲ್ಡಾಲ್, ಪಿಎಚ್ ಮಾನಕದ ಸೋರೆನ್ಸೆನ್ ದುಡಿದದ್ದೂ ಇಲ್ಲಿಯೇ ಎಂಬುದನ್ನು ರಸಾಯನ ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕು.) 1883ರಲ್ಲಿ ಕಾರ್ಲ್ಸ್‌ಬರ್ಗ್ ಬಿಯರಿಗೇ ರೋಗ ತಗಲಿತು: ಅಹಿತವಾದ ಕಹಿ, ಕೆಟ್ಟ ವಾಸನೆ. ಹೆಪ್ಪಿನಲ್ಲಿ ಒಂದಲ್ಲ, ಹಲವು ಬಗೆಯ ಯೀಸ್ಟುಗಳು ಬೆರೆತಿವೆ ಎಂದು ಹ್ಯಾನ್ಸೆನ್ ವಾದಿಸಿದ. ಕೆಡುಕಿಗೆ ಕಾರಣವಾದದ್ದೂ ಒಂದು ಯೀಸ್ಟೇ, ಗಾಳಿಯಲ್ಲಿ ತೇಲಿಬಂದ ಕಾಡು ಯೀಸ್ಟು.

ಹೆಪ್ಪು ಒಂದು ವಸ್ತುವಲ್ಲ, ಒಂದು ಜನಸಂಖ್ಯೆ. ಇದನ್ನು ನೀವೇ ಲೆಕ್ಕ ಹಾಕಿ ನೋಡಿ. ನೂರು ಕೋಶಗಳಲ್ಲಿ 99 ಒಳ್ಳೆಯವು, ಒಂದು ಕಾಡು ಯೀಸ್ಟು ಎಂದಿಟ್ಟುಕೊಳ್ಳೋಣ. ಪ್ರತಿ ತೊಟ್ಟಿಯಲ್ಲೂ ಒಳ್ಳೆಯದು ಮೂರು ಸಲ ಇಮ್ಮಡಿಯಾಗಿ 8 ಪಟ್ಟು ಬೆಳೆಯಲಿ, ಕಾಡು ಯೀಸ್ಟು ನಾಲ್ಕು ಸಲ ಇಮ್ಮಡಿಯಾಗಿ 16 ಪಟ್ಟು. ಆಗ ಒಂದೊಂದು ತೊಟ್ಟಿಗೂ ಕಾಡು ಯೀಸ್ಟಿನ ಅನುಪಾತ ಎರಡರಷ್ಟಾಗುತ್ತದೆ. ಏಳನೆಯ ತೊಟ್ಟಿ ಮುಗಿಯುವಷ್ಟರಲ್ಲಿ ಅನುಪಾತ 128ಕ್ಕೆ 99. ಕಾಡು ಯೀಸ್ಟಿನದೇ ಬಹುಮತ. ಮೊದಮೊದಲು ರುಚಿಯಲ್ಲಿ ಏನೂ ತಿಳಿಯದು. ತಿಳಿಯುವ ಹೊತ್ತಿಗೆ ಅದೇ ಹೆಪ್ಪು ಹಲವು ತೊಟ್ಟಿಗಳಿಗೆ ಹೋಗಿರುತ್ತದೆ.

ಹಾಗಾದರೆ ಪರಿಹಾರ? ಒಂದೇ ಕೋಶದಿಂದ ಹೆಪ್ಪನ್ನು ಬೆಳೆಸುವುದು. ಹೇಳುವುದು ಸುಲಭ, ಆದರೆ ಮಿಲಿಮೀಟರಿನ ನೂರರ ಒಂದು ಭಾಗಕ್ಕೂ ಚಿಕ್ಕದಾದ ಕೋಶವನ್ನು ಹಿಡಿಯುವುದು ಹೇಗೆ? ಹ್ಯಾನ್ಸೆನ್ನನ ಉಪಾಯ ಸರಳ. ಸೂಕ್ಷ್ಮದರ್ಶಕದಲ್ಲಿ ಎಣಿಸಿದಾಗ ಒಂದು ಹನಿಯಲ್ಲಿ 10 ಕೋಶಗಳಿವೆ ಎನ್ನೋಣ. ಅಂಥ ಹನಿಯನ್ನು 20 ಮಿಲಿಲೀಟರ್ ಶುದ್ಧ ನೀರಿನಲ್ಲಿ ಚೆನ್ನಾಗಿ ಕಲಕಿದರೆ ಸರಾಸರಿ 2 ಮಿಲಿಲೀಟರಿಗೆ ಒಂದು ಕೋಶ. ಪೋಷಕ ರಸವಿರುವ 20 ಕುಪ್ಪಿಗಳಿಗೆ 1 ಮಿಲಿಲೀಟರಿನಂತೆ ಹಾಕಿದರೆ ಅರ್ಧಕ್ಕೂ ಹೆಚ್ಚು ಕುಪ್ಪಿಗಳು ಖಾಲಿಯೇ ಉಳಿಯುತ್ತವೆ. ಕೆಲವಕ್ಕೆ ಒಂದು ಕೋಶ, ಅಪರೂಪಕ್ಕೆ ಎರಡು. ಯಾವುದಕ್ಕೆ ಎಷ್ಟು ಎಂದು ಗೊತ್ತಾಗುವುದು ಹೇಗೆ? ಕುಪ್ಪಿಯನ್ನು ಜೋರಾಗಿ ಅಲುಗಿಸಿ ಅಲ್ಲಾಡದಂತೆ ಇಟ್ಟುಬಿಡಬೇಕು. ಕೋಶಗಳು ಬೇರೆ ಬೇರೆ ಕಡೆ ತಳಕ್ಕಿಳಿದು ಅಲ್ಲಲ್ಲಿಯೇ ಬೆಳೆಯುತ್ತವೆ. ಕೆಲವು ದಿನಗಳಲ್ಲಿ ಒಂದೇ ಬಿಳಿ ಚುಕ್ಕೆ ಕಂಡ ಕುಪ್ಪಿಯಲ್ಲಿರುವುದು ಒಂದು ಕೋಶದ ಸಂತಾನ. ಮುಂದೆ ಆತ ಕಾಖ್‌ನಂತೆ ಜೆಲಾಟಿನ್ ಬಳಸಿ, ಒಂಟಿ ಕೋಶವನ್ನು ಕಣ್ಣಾರೆ ಗುರುತಿಸಿ ಬೆಳೆಸುವ ವಿಧಾನವನ್ನೂ ರೂಪಿಸಿದ.

ಕಾರ್ಲ್ಸ್‌ಬರ್ಗ್ ಹೆಪ್ಪಿನಿಂದ ಹೀಗೆ ನಾಲ್ಕು ಬಗೆಯ ಯೀಸ್ಟುಗಳು ಬೇರ್ಪಟ್ಟವು. ಒಳ್ಳೆಯ ಬಿಯರ್ ಕೊಟ್ಟದ್ದು ಒಂದೇ. 1883ರ ನವೆಂಬರ್ 12ರಂದು ಅದನ್ನು ಕಾರ್ಖಾನೆಯಲ್ಲಿ ಮೊದಲ ಬಾರಿಗೆ ಬಳಸಲಾಯಿತು. ಕುಪ್ಪಿಯ ಚುಕ್ಕೆಯಿಂದ ತೊಟ್ಟಿಯ ತನಕ ಹಂತಹಂತವಾಗಿ, ಹೊರಗಿನ ಗಾಳಿ ಸೋಕದಂತೆ ಬೆಳೆಸಲು ಹ್ಯಾನ್ಸೆನ್ ಮತ್ತು ಕಾರ್ಖಾನೆಯ ವ್ಯವಸ್ಥಾಪಕ ಕ್ಯೂಲೆ ಒಂದು ಉಪಕರಣವನ್ನೂ ರಚಿಸಿದರು. ಯೀಸ್ಟನ್ನು ಟಾರ್ಟಾರಿಕ್ ಆಮ್ಲದ ಸಕ್ಕರೆ ದ್ರಾವಣದಲ್ಲಿ ಬೆಳೆಸಿ ಶುದ್ಧಗೊಳಿಸುವ ಪಾಸ್ತರನ ವಿಧಾನ ಬ್ಯಾಕ್ಟೀರಿಯವನ್ನು ತಡೆದರೂ ಕಾಡು ಯೀಸ್ಟಿಗೆ ಅನುಕೂಲವನ್ನೇ ಮಾಡುತ್ತದೆಂದು ಹ್ಯಾನ್ಸೆನ್ ತೋರಿಸಿದ. ರೋಗಕ್ಕೆ ಮದ್ದೆಂದು ಕೊಟ್ಟದ್ದೇ ರೋಗವನ್ನು ಬೆಳೆಸುತ್ತಿತ್ತು!

ಯಾಕೊಬ್ಸೆನ್ ಮೊದಲು ಅನುಮಾನಿಸಿದ್ದ. ಫಲಿತಾಂಶ ಕಂಡ ಮೇಲೆ ಈ ಯೀಸ್ಟನ್ನು ಬೇರೆ ಕಾರ್ಖಾನೆಗಳಿಗೂ ಉಚಿತವಾಗಿ ಕೊಡಿಸಿದ. ಮಹತ್ವದ ಯಾವ ಶೋಧವನ್ನೂ ಗುಟ್ಟಾಗಿಡಬಾರದೆಂಬುದು ಪ್ರಯೋಗಾಲಯದ ನಿಯಮವೇ ಆಗಿತ್ತು. ಪೈಪೋಟಿಯ ಉದ್ಯಮದಲ್ಲಿ ಇದು ಸಣ್ಣ ಮಾತಲ್ಲ.

ಆದರೆ ಶುದ್ಧತೆಯೇ ಎಲ್ಲೆಡೆ ಗೆಲ್ಲಲಿಲ್ಲ. ಇಂಗ್ಲೆಂಡಿನ ಹಲವು ತಯಾರಕರು ಮಿಶ್ರ ಹೆಪ್ಪನ್ನು ಬಿಡಲೊಪ್ಪಲಿಲ್ಲ, ಅದಕ್ಕೆ ಕಾರಣವೂ ಇತ್ತು. ಬಹುಕಾಲ ಇಟ್ಟು ಮಾಗಿಸುವ ಅಲ್ಲಿನ ಬಿಯರಿಗೆ ವಿಶಿಷ್ಟ ಪರಿಮಳ ಕೊಡುವುದು ಬ್ರೆಟನೊಮೈಸಿಸ್ ಎಂಬ ಇನ್ನೊಂದು ಯೀಸ್ಟ್ ಎಂದು 1904ರಲ್ಲಿ ಪ್ರಕಟಿಸಿದವನು ಅದೇ ಕಾರ್ಲ್ಸ್‌ಬರ್ಗಿನ ಕ್ಲಾಸೆನ್.

ಹ್ಯಾನ್ಸೆನ್ ತನ್ನ ಶುದ್ಧ ಯೀಸ್ಟಿಗೆ 1908ರಲ್ಲಿ ಸ್ಯಾಕರೊಮೈಸಿಸ್ ಕಾರ್ಲ್ಸ್‌ಬರ್ಜೆನ್ಸಿಸ್ ಎಂದು ಹೆಸರಿಟ್ಟ. ಇಂದು ಅದನ್ನು ಸ್ಯಾಕರೊಮೈಸಿಸ್ ಪಾಸ್ಟೋರಿಯಾನಸ್ ಎನ್ನುತ್ತಾರೆ. ಬಿಯರನ್ನು ಕೆಡಿಸುವ ಕಾಡು ಯೀಸ್ಟಿಗೆ ಹ್ಯಾನ್ಸೆನ್ ಬಳಸುತ್ತಿದ್ದ ಹೆಸರೂ ಅದೇ! ಅದರ ಜೀನುಗಳನ್ನು ಓದಿದಾಗ ಅದು ಎರಡು ಪ್ರಭೇದಗಳ ಮಿಶ್ರತಳಿ ಎಂದು ತಿಳಿಯಿತು. ಒಂದು ರೊಟ್ಟಿ, ಏಲ್ ಬಿಯರುಗಳ ಚಿರಪರಿಚಿತ ಯೀಸ್ಟ್. ಇನ್ನೊಂದು, ಚಳಿಯನ್ನು ತಾಳುವ ಪ್ರಭೇದ, 2011ರಲ್ಲಿ ದಕ್ಷಿಣ ಅಮೆರಿಕದ ಪಟಗೋನಿಯದ ಕಾಡಿನಲ್ಲಿ ಪತ್ತೆಯಾಯಿತು.